ಎಂಜಲ ಮಂಟಪ

ಇಪ್ಪತ್ತೆರಡು ವರ್ಷಗಳಲ್ಲಿ ಲಗಮವ್ವ ಸಾವಿರಾರು ಮದುವೆಗಳಿಗೆ ಹೋಗಿದ್ದಾಳೆ. ಒಂದು ಮದುವೆಯನ್ನೂ ನೋಡಿಲ್ಲ.

ಬಾಂದ್ರಾದ ಆ ಮದುವೆ ಹಾಲಿಗೆ ಎರಡು ಬಾಗಿಲು. ಮುಂದಿನ ಬಾಗಿಲಲ್ಲಿ ಬಂದವರ ಮೇಲೆ ಪನ್ನೀರು ಚಿಮುಕಿಸುತ್ತಾರೆ. ಹಿಂದಿನ ಬಾಗಿಲಾಚೆ ತಗಡಿನ ಚಪ್ಪರ, ಮೂರು ನಲ್ಲಿ, ಸಿಮೆಂಟಿನ ಕಟ್ಟೆ, ಒಂದು ಗಟಾರ. ಅಲ್ಲಿ ಹನ್ನೊಂದು ಹೆಂಗಸರು ಕುಕ್ಕರುಗಾಲಿನಲ್ಲಿ ಕೂತು ತಾಟು ತೊಳೆಯುತ್ತಾರೆ. ಒಳಗಿನಿಂದ ಟಬ್ಬುಗಳು ಬರುತ್ತಲೇ ಇರುತ್ತವೆ. ಕಚ್ಚಿ ಬಿಟ್ಟ ಪನೀರು. ಅರ್ಧ ಹೋಳಿಗೆ. ಅನ್ನದೊಳಗೆ ತುರುಕಿದ ಟಿಶ್ಯೂ. ಐಸ್‌ಕ್ರೀಮಿಗೆ ಚುಚ್ಚಿದ ಹಲ್ಲುಕಡ್ಡಿ. ಯಾವ ಮನೆತನ ಎಷ್ಟು ದೊಡ್ಡದು ಎಂದು ಲಗಮವ್ವನಿಗೆ ಯಾರೂ ಹೇಳಬೇಕಿಲ್ಲ. ತಾಟು ಹೇಳುತ್ತದೆ. ದೊಡ್ಡವರಾದಷ್ಟೂ ಹೆಚ್ಚು ಬಿಡುತ್ತಾರೆ.

ಸೋಡಾಪುಡಿ ಅವಳ ಬೆರಳುಗಳ ಗೆರೆಗಳನ್ನೆಲ್ಲ ತಿಂದು ಹಾಕಿದೆ. ಅವಳ ಮನೆಯಿರುವ ದಹಿಸರದ ರೇಷನ್ ಅಂಗಡಿಯ ಮಶೀನು ಅವಳ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ನೀನು ನೀನಲ್ಲ ಎನ್ನುತ್ತದೆ. ಗಂಡ ಪರಪ್ಪನೇ ಹೋಗಿ ಒತ್ತಿ ಅಕ್ಕಿ ತರಬೇಕು.

ಅವಳ ಮಗಳು ಶುಭಾಂಗಿಗೆ ಗಂಡು ಗೊತ್ತಾಯಿತು. ಶುಭಾಂಗಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾಳೆ. ಹುಡುಗ ಅಮೋಲ್ ಏಸಿ ರಿಪೇರಿ ಮಾಡುತ್ತಾನೆ. ಇಬ್ಬರೂ ತಾವೇ ನೋಡಿಕೊಂಡವರು, ತಾವೇ ಮಾತಾಡಿಕೊಂಡವರು. ರಜಿಸ್ಟರ್ ಆಫೀಸಿನಲ್ಲಿ ಸಹಿ, ಚಾಳಿನಲ್ಲಿ ಚಹಾ, ಮುಗಿಯಿತು ಎಂದು ಅವರ ಲೆಕ್ಕ. ಪರಪ್ಪನೂ ಹೂಂ ಅಂದಿದ್ದ. ದಾದರ್ ಹೂವಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಹೊತ್ತು ಅವನ ಬೆನ್ನು ಬಿದ್ದುಹೋಗಿತ್ತು. ಅವನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದ.

ಒಪ್ಪದವಳು ಲಗಮವ್ವ. ಅವಳಿಗೆ ಮಂಟಪ ಬೇಕಿತ್ತು. ಮಗಳು ಮಂಟಪದಲ್ಲಿ ಕೂತಿರಬೇಕು, ತಾನು ಒಣಗಿದ ಸೀರೆ ಉಟ್ಟು ಪಕ್ಕದಲ್ಲಿ ನಿಂತಿರಬೇಕು. ಇಷ್ಟೇ ಆಸೆ. ದಹಿಸರದಲ್ಲಿ ಕೋಳಿಗೂಡಿನಂಥ ಹಾಲುಗಳನ್ನು ಕೇಳಿ ಬಂದಳು. ಬಾಡಿಗೆ ಕೇಳಿ ಸುಮ್ಮನೆ ಹೊರಬಂದಳು.

ಆಗ ಬಾಯಿ ಹಾಕಿದವನು ಕೇಟರಿಂಗಿನ ರಮಾನಾಥ. ಘಟ್ಟದ ಕೆಳಗಿನವನು. ಈ ಹೆಂಗಸರಿಗೆಲ್ಲ ಕೂಲಿ ಕೊಡುವವನು ಅವನೇ.

"ಲಗಮವ್ವ, ಒಳ್ಳೆ ಚಾನ್ಸ್ ಉಂಟು ಮಾರಾಯ್ತಿ," ಎಂದ. "ಬರುವ ತಿಂಗಳು ಒಂದು ದೊಡ್ಡ ಪಾರ್ಟಿ. ಬೆಳಿಗ್ಗೆ ಮುಹೂರ್ತ. ನಾಲ್ಕು ಗಂಟೆಗೆ ಎಲ್ಲ ಖಾಲಿ. ಹಾಲ್ ಆ ದಿನ ಪೂರ್ತಿ ಅವರದ್ದೇ. ಮಂಟಪ ಹಾಗೇ ಇರ್ತದೆ, ಹೂವು ಹಾಗೇ ಇರ್ತದೆ, ಊಟ ಹೇಗೂ ಉಳೀತದೆ. ಸಂಜೆ ಆರಕ್ಕೆ ನಿನ್ನ ಮಗಳನ್ನು ತಂದು ಕೂರಿಸು. ಒಂದು ಪೈಸೆ ಬೇಡ. ಆ ಪಾರ್ಟಿಯ ಮದುಮಗಳಿಗೇ ಹಾಗೆ ಮಾಡ್ಬೇಕಂತೆ. ಜೀರೋ ವೇಸ್ಟ್ ವೆಡ್ಡಿಂಗ್."

"ಹಂಗಂದ್ರ?"

"ಏನನ್ನೂ ಬಿಸಾಡುವುದಿಲ್ಲ ಅಂತ."

ಬಿಸಾಡುವುದನ್ನು ಗಟಾರದ ಬದಲು ಲಗಮವ್ವನ ಮನೆಗೆ ಬಿಸಾಡುವುದಕ್ಕೆ ಇಂಗ್ಲಿಷಿನಲ್ಲಿ ಹೆಸರಿತ್ತು.

ಮನೆಯಲ್ಲಿ ಶುಭಾಂಗಿ ಮುಖ ಸಿಂಡರಿಸಿದಳು. "ಅವ್ವಾ, ಊಟಾ ಉಳೀತದ, ಠೀಕ್ ಹೈ. ಶಾದಿ ಭೀ ಉಳಿದದ್ದು ಮಾಡ್ಕೋಬೇಕಾ? ಮಲಾ ನಕೋ, ನಂಗ ಬ್ಯಾಡ."

"ಪುಕ್ಕಟೆ ಬಂದದ್ದನ್ನ ಮೂಸಿ ನೋಡಬಾರದವಾ," ಎಂದ ಪರಪ್ಪ. "ದಾದರದಾಗ ಸಂಜೀಕ ಬಾಡಿದ ಹೂವು ಅರ್ಧಾ ರೇಟಿಗೆ ಮಾರ್ತಾರ. ದೇವ್ರು ಬ್ಯಾಡ ಅಂತಾನೇನು?"

"ನಾ ದೇವ್ರಲ್ಲ ಬಾಬಾ."

ಲಗಮವ್ವ ಮೂರು ದಿನ ಮಗಳ ಹಿಂದೆ ಬಿದ್ದಳು. ಅತ್ತಳು. ಊಟ ಬಿಟ್ಟಳು. ಕೊನೆಗೆ ಶುಭಾಂಗಿ, "ಜೋ ಕರನಾ ಹೈ ಕರೋ, ಏನರ ಮಾಡ್ಕೋ," ಎಂದಳು. ಅರವತ್ತು ಮಂದಿ ನೆಂಟರಿಗೆ ಫೋನು ಹೋಯಿತು. ಪ್ರತಿ ಫೋನಿನಲ್ಲೂ ಲಗಮವ್ವ 'ಬಾಂದ್ರಾದಾಗ, ಏಸಿ ಹಾಲು' ಎಂಬ ಎರಡು ಮಾತನ್ನು ಚಪ್ಪರಿಸಿ ಹೇಳಿದಳು. ಆ ಚಪಲಕ್ಕೆ ಆಮೇಲೆ ತನ್ನ ನಾಲಿಗೆಯನ್ನು ತಾನೇ ಬೈದುಕೊಂಡಳು.

ಮದುವೆಗೆ ಎಂಟು ದಿನ ಇರುವಾಗ ದೊಡ್ಡ ಮನೆಯ ಹುಡುಗಿಯೇ ಹಾಲಿನ ಹಿಂಬದಿಗೆ ಬಂದಳು. ರಾಧಿಕಾ ಅವಳ ಹೆಸರು. ಅಜ್ಜನ ಕಾಲಕ್ಕೆ ಧಾರವಾಡದ ಕಡೆಯಿಂದ ಬಂದ ಮನೆತನ. ಅವಳ ಕನ್ನಡ ಮೂರು ಮಾತಿಗೆ ಮುಗಿದುಹೋಗುತ್ತಿತ್ತು. ಜೊತೆಗೆ ಫೋನು ಹಿಡಿಯುವ ಒಬ್ಬ ಗೆಳತಿ.

"ಆಂಟೀ, ಐ ಆಮ್ ಸೋ ಹ್ಯಾಪಿ," ಎಂದು ರಾಧಿಕಾ ಲಗಮವ್ವನ ಪಕ್ಕ ಕೂತಳು. ಕೂರುವ ಮೊದಲು ಕರವಸ್ತ್ರ ಹಾಸಿಕೊಂಡಳು. "ಒಂದು ಚಿಕ್ಕದು ವಿಡಿಯೋ. ನೀವು ಖಾಲಿ ಇಷ್ಟು ಹೇಳಿ. ನಮ್ಮ ಹತ್ರ ಏನೂ ಇಲ್ಲ. ರಾಧಿಕಾ ದೀದೀಯಿಂದ ನನ್ನ ಮಗಳ ಮದುವೆ ಆಗ್ತಿದೆ."

ಲಗಮವ್ವ ಹೇಳಿದಳು. ಗೆಳತಿಗೆ ಸರಿ ಅನ್ನಿಸಲಿಲ್ಲ. ಕಣ್ಣು ಕೆಳಗೆ ಮಾಡಿ ಹೇಳಲಿ ಎಂದಳು. ಮತ್ತೆ ಹೇಳಿದಳು. ಕೈಯಲ್ಲಿ ಒಂದು ತಾಟು ಇರಲಿ ಎಂದಳು. ತಾಟು ಹಿಡಿದು ಹೇಳಿದಳು. ನಾಲ್ಕನೆಯ ಸಲ 'ನಮ್ಮ ಹತ್ರ ಏನೂ ಇಲ್ಲ' ಎಂದಾಗ ಪಕ್ಕದಲ್ಲಿ ತಾಟು ತಿಕ್ಕುತ್ತಿದ್ದ ದಾವಲಬಿ ತಲೆ ಎತ್ತಿ ನೋಡಿದಳು. ದಾವಲಬಿ ಹದಿನೈದು ವರ್ಷದಿಂದ ಅದೇ ಕಟ್ಟೆಯ ಗೆಳತಿ, ವಿಜಯಪುರದವಳು.

ಅವರು ಹೋದ ಮೇಲೆ ದಾವಲಬಿ ಕೇಳಿದಳು. "ಏನೂ ಇಲ್ಲೇನs ನಿನ್ನ ಹಂತೇಕ? ಇಪ್ಪತ್ತೆರಡು ವರ್ಸ ಮಂದೀ ಎಂಜಲಾ ಬಳದು ಮಗಳಿಗೆ ಹದಿನೈದನೇತ್ತಾ, ಡಿಗ್ರೀತನಾ ಓದಿಸಿದೀ. ಅದು ಏನೂ ಅಲ್ಲಾ?"

"ಸುಮ್ನಿರ. ಮಂಟಪ ಸಿಗಲಿ."

ಆ ದಿನ ಬಂತು. ಮಗಳ ಮದುವೆ ಎಂದು ರಜೆ ಕೇಳಿದರೆ ರಮಾನಾಥ ನಕ್ಕ. "ನಿನ್ನದು ಸಂಜೆಗಲ್ವಾ? ಏಳುನೂರು ಜನ ಬರ್ತಾರೆ. ಮೂರಕ್ಕೆ ಬಿಡ್ತೇನೆ, ಹೋಗಿ ಸೀರೆ ಉಟ್ಟು ಬಾ." ಹೀಗೆ ಮಗಳ ಲಗ್ನದ ದಿನ ಲಗಮವ್ವ ಬೆಳಗಿನ ಆರಕ್ಕೆ ಕಟ್ಟೆಯ ಮೇಲೆ ಕೂತಳು. ನಾಷ್ಟಾದ ತಾಟು ಮುಗಿಯುವ ಹೊತ್ತಿಗೆ ಸೊಂಟ ಹಿಡಿದಿತ್ತು. ಒಳಗೆ ವಾಲಗ ಜೋರಾಯಿತು, ಅಕ್ಷತೆ ಬಿತ್ತು ಅಂತ ಗೊತ್ತಾಯಿತು. ಹನ್ನೆರಡಕ್ಕೆ ಊಟದ ಮೊದಲ ಟಬ್ಬು ಬಂತು. ನಡುವೆ ಶುಭಾಂಗಿ ಒಮ್ಮೆ ಫೋನು ಮಾಡಿದಳು. ಒದ್ದೆ ಕೈಯಲ್ಲಿ ಎತ್ತಲಾಗಲಿಲ್ಲ.

ಒಂದೂವರೆಗೆ ಹುಡುಗಿಯ ತಾಯಿ ಕುಮುದಿನಿ ಹಿಂಬಾಗಿಲಿಗೆ ಬಂದಳು. ಮೈತುಂಬ ಜರಿ. ಒಂದು ಕೈಯಲ್ಲಿ ಸೀರೆಯ ಡಬ್ಬಿ, ಇನ್ನೊಂದು ಕೈಯಲ್ಲಿ ಮೂಗಿಗೆ ಸೆರಗು. ಕನ್ನಡ ಮಾತ್ರ ಅಚ್ಚ ಧಾರವಾಡದ್ದು.

"ಲಗಮವ್ವ ಅಂದ್ರ ನೀನs ಏನು? ನಮ್ಮ ಕಡೆಯಾಕಿ ಅಂತ ರಮಾನಾಥ ಹೇಳಿದಾ. ಭಾಳ ಛಲೋ ಆತು ನೋಡು. ಕನ್ನಡದವರು ಕನ್ನಡದವರಿಗೆ ಆಗಬೇಕು." ಮೂಗಿನ ಸೆರಗು ಬಿಟ್ಟು ಲಗಮವ್ವನ ಒದ್ದೆ ಕೈ ಹಿಡಿದುಕೊಂಡಳು. "ಯಾವೂರು?"

"ಇಂಡಿ ತಾಲೂಕರೀ."

"ಅಯ್ಯ, ನಮ್ಮ ತವರಮನಿ ಹೊಲ ಅಲ್ಲೇ ಇತ್ತs! ಮನಿ ಎಲ್ಲಿ ಬರತದ? ಅಗಸಿ ಬಾಗಲಾ ಒಳಗೋ?"

"ಅಗಸಿ ಹೊರಗರೀ. ಹೊಲಗೇರಿ."

ಕುಮುದಿನಿಯ ನಗು ಹಾಗೇ ಇತ್ತು. ಕೈ ಮಾತ್ರ ಬಿಟ್ಟಿತು. "ಹೌದಾ," ಎಂದಳು. ಸೀರೆಯ ಡಬ್ಬಿಯನ್ನು ಲಗಮವ್ವನ ಕೈಗೆ ಕೊಡಲಿಲ್ಲ. ಸೋಪಿನ ನೀರು ಹರಿಯುತ್ತಿದ್ದ ಕಟ್ಟೆಯ ಮೇಲೆ ಇಟ್ಟಳು. ಕೈ ಒರೆಸಿಕೊಳ್ಳಲು ಅತ್ತಿತ್ತ ನೋಡಿದಳು. ಸೀರೆಗೆ ಒರೆಸಿದರೆ ಜರಿ ಮೈಲಿಗೆ. ಗೋಡೆಗೆ ಒರೆಸಿದರೆ ಕೊಳಕು. ಆ ಒಂದು ಕೈಯನ್ನು ಮೈಯಿಂದ ದೂರ ಹಿಡಿದುಕೊಂಡೇ ಒಳಗೆ ಹೋದಳು.

"ದೇಖೀ ಕ್ಯಾ?" ಎಂದಳು ದಾವಲಬಿ.

"ನೋಡಿದೆ," ಎಂದಳು ಲಗಮವ್ವ. ತಾಟು ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಹತ್ತು ನಿಮಿಷಕ್ಕೆ ರಮಾನಾಥ ಬಂದ. ಬಾಯಲ್ಲಿ ಜಿಲೇಬಿ ಇತ್ತು. ನುಂಗಿಕೊಂಡು, "ಸಣ್ಣ ಚೇಂಜ್ ಉಂಟು ಲಗಮವ್ವ," ಎಂದ. "ಮಂಟಪದಲ್ಲಿ ಅವರ ಮನೆದೇವರ ಕಳಶ ಇಟ್ಟಿದ್ದಾರಂತೆ. ಅಲ್ಲಿ ಬೇರೆಯವರು ಕೂರುವ ಹಾಗಿಲ್ಲವಂತೆ."

"ಬ್ಯಾರೆಯವರು ಅಂದ್ರ ಯಾರ್ರೀ?"

"ನನ್ನ ಬಾಯಲ್ಲಿ ಯಾಕೆ ಹೇಳಿಸ್ತಿ?"

"ನಿಮ್ಮ ಬಾಯಾಗs ಕೇಳಬೇಕು. ಹೇಳ್ರಿ."

ಅವನು ಗಟಾರದಾಚೆಗೆ ಕೈ ತೋರಿಸಿದ. "ಇಲ್ಲಿ ಜನರೇಟರ್ ಪಕ್ಕ ಜಾಗ ಉಂಟಲ್ಲ. ಒಂದು ಪರದೆ ಕಟ್ಟಿಸ್ತೇನೆ. ನಾಲ್ಕು ಕುರ್ಚಿ ಹಾಕಿಸ್ತೇನೆ. ಊಟಕ್ಕೆ ಏನೂ ತೊಂದರೆ ಇಲ್ಲ. ಊಟ ಎಷ್ಟು ಬೇಕಾದರೂ ತಿನ್ನಲಿ ನಿಮ್ಮವರು."

"ಹೂವು?"

"ಹೂವು ಬಿಚ್ಚಿಸಿ ಸಮುದ್ರಕ್ಕೆ ಬಿಡ್ತಾರಂತೆ."

ಅವನ ಹಿಂದೆಯೇ ಮದುಮಗಳು ಬಂದಳು. ಕೊರಳಲ್ಲಿ ಹೊಸ ತಾಳಿ. ಹಿಂದೆ ಫೋನು ಹಿಡಿದ ಗೆಳತಿ.

"ಆಂಟೀ, ಸೋ ಸಾರಿ! ಮಮ್ಮಾ ಥೋಡೀ ಓಲ್ಡ್ ಫ್ಯಾಶನ್. ನಂಗೆ ಇದೆಲ್ಲ ಬಿಲೀಫ್ ಇಲ್ಲ. ಬಟ್ ಇವತ್ತು ಮಮ್ಮಾ ಜೊತೆ ಫೈಟ್ ಮಾಡಕ್ಕೆ ಆಗಲ್ಲ ನಾ? ನಾವು ಊಟದ ಶಾಟ್ ತಗೋಣ. ಇಲ್ಲೇ. ಇಲ್ಲಿ ಲೈಟ್ ಭೀ ಅಚ್ಛಾ ಹೈ."

ಲಗಮವ್ವ ಎದ್ದಳು. ಮಂಡಿ ಲಟಕ್ ಎಂದಿತು. ನಲ್ಲಿಯ ಕೆಳಗೆ ಕೈ ಹಿಡಿದು ಮೊಣಕೈವರೆಗೆ ತೊಳೆದುಕೊಂಡಳು. ಅವಸರ ಮಾಡಲಿಲ್ಲ. ಬೆಳಗಿನಿಂದ ಒಳ್ಳೆಯ ನೀರು ತನಗಾಗಿ ಮುಟ್ಟಿದ್ದು ಅದೇ ಮೊದಲು.

"ನಿಮ್ಮವ್ವನs ವಾಸಿ ತಂಗೀ," ಎಂದಳು. "ಆಕಿ ಮೂಗು ಮುಚಗೊಂಡು ಬಂದ್ಲು, ಕೈ ಝಾಡಿಸಿ ಹೋದ್ಲು. ಆಕೀದು ಏನು ಅಂತ ಗೊತ್ತಾತು. ನೀ ನಕ್ಕೋತ ಬರ್ತಿ, ನಕ್ಕೋತ ಒದೀತಿ. ಮ್ಯಾಲೆ ಫೋಟೋ ಬ್ಯಾರೆ. ನಿಮ್ಮ ಎಂಜಲಾ ನಾವು ತಿನ್ನಬಹುದು. ನಿಮ್ಮ ಎಂಜಲಾ ನಾವು ತೊಳೀಬಹುದು. ನೀವು ಕುಂತೆದ್ದ ಜಾಗಾದಾಗ ನನ್ನ ಮಗಳು ಕುಂತ್ರ ನಿಮ್ಮ ದೇವರಿಗೆ ಜ್ವರಾ ಬರತೈತಿ. ಥೂ ನಿಮ್ಮ ದೇವರs!"

ರಾಧಿಕಾಳ ಕನ್ನಡ ಅಲ್ಲಿಯವರೆಗೆ ಬರುತ್ತಿರಲಿಲ್ಲ. "ಏನಂದ್ರು?" ಎಂದು ರಮಾನಾಥನನ್ನು ಕೇಳಿದಳು.

"ಏನಿಲ್ಲ ಮೇಡಂ. ಥ್ಯಾಂಕ್ಸ್ ಹೇಳ್ತಿದ್ದಾಳೆ."

"ಥ್ಯಾಂಕ್ಸ್ ನಹೀ ಬೋಲೀ," ಎಂದಳು ದಾವಲಬಿ ಕೂತಲ್ಲಿಂದಲೇ. "ಥೂ ಬೋಲೀ."

ಗೆಳತಿಯ ಫೋನು ಕೆಳಗಿಳಿಯಿತು.

"ಲಗಮವ್ವ, ಕೂತುಕೋ," ಎಂದ ರಮಾನಾಥ. ದನಿ ಬದಲಾಗಿತ್ತು. "ಒಳಗೆ ಗಂಡಿನ ಕಡೆಯವರ ಪಂಕ್ತಿ ಉಂಟು. ನಾನೂರು ತಾಟು ಬೇಕು. ನಾಟಕ ಆಮೇಲೆ ಮಾಡು."

"ನಿಮ್ಮ ಕೈ ಐತೆಲ್ಲ."

"ನಾಳೆಯಿಂದ ಈ ಗೇಟಿನೊಳಗೆ ಕಾಲಿಡಲಿಕ್ಕಿಲ್ಲ ನೀನು."

"ಇಡೂದಿಲ್ಲ."

ದಾವಲಬಿ ಎದ್ದಳು. ಉಳಿದ ಒಂಬತ್ತು ಜನ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರು ಏಳಲಿಲ್ಲ, ಅವರಿಗೆ ಮನೆಯಲ್ಲಿ ಹಾಸಿಗೆ ಹಿಡಿದ ಗಂಡಂದಿರಿದ್ದರು. ಏಳು ಜನ ಎದ್ದರು. ಕಟ್ಟೆಯ ಮೇಲೆ ಎಂಜಲು ತಾಟುಗಳು ಸೊಂಟದೆತ್ತರಕ್ಕೆ ಇದ್ದವು. ಸೀರೆಯ ಡಬ್ಬಿ ಅಲ್ಲೇ ನೆನೆಯುತ್ತಿತ್ತು.

ಹಿಂದಿನ ಗೇಟು ನಾಲ್ಕು ಹೆಜ್ಜೆಯಲ್ಲಿತ್ತು. ಲಗಮವ್ವ ಅತ್ತ ಹೋಗಲಿಲ್ಲ. ಅಡುಗೆಮನೆ ದಾಟಿದಳು, ಊಟದ ಹಾಲು ದಾಟಿದಳು, ಖಾಲಿ ಮೇಜುಗಳ ಮುಂದೆ ತಾಟಿಗಾಗಿ ಕಾಯುತ್ತಿದ್ದ ಸೂಟು ಬೂಟುಗಳ ನಡುವೆ ನಡೆದಳು. ಒದ್ದೆ ಸೀರೆ ಕಾಲಿಗೆ ಅಂಟಿಕೊಂಡಿತ್ತು. ಹಿಂದೆ ಎಂಟು ಹೆಂಗಸರು. ಅತ್ತರಿನ ಹಾಲಿನಲ್ಲಿ ಎಂಜಲಿನ ವಾಸನೆ ಎದ್ದಿತು. ಅದು ಅವರದೇ ಎಂಜಲಿನ ವಾಸನೆ. ಆದರೂ ಮೂಗು ಮುಚ್ಚಿಕೊಂಡರು.

ಮಂಟಪದ ಮುಂದೆ ಲಗಮವ್ವ ನಿಂತಳು. ಇದೇ ಮೊದಲು ಹತ್ತಿರದಿಂದ ನೋಡಿದ್ದು. ಕಂಬಗಳು ಥರ್ಮಾಕೋಲಿನವು. ಒಂದು ಮೂಲೆ ಮುರಿದು ಬಿಳಿ ಬೂಂದಿಯಂಥ ಕಾಳು ಉದುರಿತ್ತು. ಹೂಗಳಲ್ಲಿ ಅರ್ಧ ಪ್ಲಾಸ್ಟಿಕ್. ನಿಜವಾದವಕ್ಕೆ ಸ್ಟೇಪಲ್ ಪಿನ್ ಹೊಡೆದಿದ್ದರು. ಇದಕ್ಕಾಗಿ ಮೂರು ದಿನ ಮಗಳ ಮುಂದೆ ಅತ್ತೆನಲ್ಲ, ಇದಕ್ಕಾಗಿ ನಾಲ್ಕು ಸಲ ನನ್ನ ಹತ್ರ ಏನೂ ಇಲ್ಲ ಅಂದೆನಲ್ಲ ಎಂದು ಅವಳಿಗೆ ಮೈಯೆಲ್ಲ ಹೇಸಿಗೆಯಾಯಿತು.

"ಏ, ಯಾರದು? ಹಿಡೀರಿ ಆಕೀನ್ನ!" ಕುಮುದಿನಿ ಓಡಿ ಬಂದಳು. ಹಿಡಿಯಲು ಯಾರೂ ಬರಲಿಲ್ಲ. ಹಿಡಿಯಬೇಕಾದರೆ ಮುಟ್ಟಬೇಕಿತ್ತು.

ಲಗಮವ್ವ ಸೆರಗಿನ ತುದಿ ಎತ್ತಿ ಎರಡೂ ಕೈಯಿಂದ ಹಿಂಡಿದಳು. ಜಿಡ್ಡು ನೀರು ಕೆಂಪು ಕಾರ್ಪೆಟ್ಟಿನ ಮೇಲೆ ಧಾರೆಯಾಗಿ ಬಿತ್ತು. ಸೆರಗು ಝಾಡಿಸಿ ಹೊದ್ದುಕೊಂಡು ಮುಂದಿನ ಬಾಗಿಲಿಂದ ಹೊರಟಳು. ಬಾಗಿಲಲ್ಲಿ ಪನ್ನೀರು ದಾನಿ ಹಿಡಿದಿದ್ದ ಹೆಣ್ಣುಮಗಳು ಅಭ್ಯಾಸಬಲದಿಂದ ಅವಳ ಮೇಲೂ ಎರಡು ಸಲ ಚಿಮುಕಿಸಿದಳು.

ಬಾಂದ್ರಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಅವಳಿಗೆ ನೆಂಟರ ನೆನಪಾಯಿತು. ಅರವತ್ತು ಮಂದಿ. ಕೆಲವರು ಸೊಲ್ಲಾಪುರದಿಂದ ರೈಲಿನಲ್ಲಿ ಹೊರಟಾಗಿತ್ತು. ಶುಭಾಂಗಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದಳು.

"ಸಿಟ್ಟು ಬಂತೇನವಾ?"

"ಅವ್ವಾ," ಎಂದಳು ಶುಭಾಂಗಿ. "ಬರಂ ಝಾಲಂ, ಛಲೋನs ಆತು. ನೀನು ಮನೀಗೆ ಬಾ."

ಲಗಮವ್ವ ಲೇಡೀಸ್ ಡಬ್ಬಿಯಲ್ಲಿ ನಿಂತು ದಹಿಸರದವರೆಗೂ ಅತ್ತಳು. ದಾವಲಬಿ ಅವಳಿಗೆ ಅಳಬೇಡ ಅನ್ನಲಿಲ್ಲ.

ಚಾಳಿನ ಓಣಿ ಒಂದಾಳು ಕೈ ಚಾಚಿ ಅಡ್ಡ ಮಲಗಿದರೆ ತುಂಬುವಷ್ಟು ಅಗಲ. ಸಂಜೆಗೆ ಆ ಓಣಿಯಲ್ಲೇ ಎರಡು ಬಾಗಿಲುಗಳ ನಡುವೆ ಸೀರೆ ಕಟ್ಟಿದರು. ಪರಪ್ಪ ದಾದರಿಗೆ ಹೋಗಿ ಎರಡು ಹಾರ ತಂದ. ಬಾಡಿದ್ದಲ್ಲ, ಆಗಷ್ಟೇ ಕಟ್ಟಿದ್ದು. ಮನೆಗೊಂದು ಪಾತ್ರೆ ಅನ್ನ ಬೆಂದಿತು. ದಾವಲಬಿ ಬೇಳೆ ಸಾರು ಮಾಡಿದಳು, ಪಕ್ಕದ ಮನೆಯವರು ಶಿರಾ ಮಾಡಿದರು. ಆರು ಗಂಟೆ ದಾಟಿತು, ಏಳಾಯಿತು.

ಅಮೋಲನ ಸೋದರಮಾವ ಸೋಮನಾಥ ಓಣಿಯ ಬಾಯಲ್ಲೇ ನಿಂತುಬಿಟ್ಟ. "ಬಾಂದ್ರಾದಾಗ ಏಸಿ ಹಾಲು ಅಂದಿದ್ರಿ. ಇಲ್ಲಿ ಗಟಾರದ ಮ್ಯಾಲೆ ಕುಂದ್ರಿಸ್ತೀರೇನು ನಮ್ಮನ್ನ?"

ಲಗಮವ್ವ ಮುಚ್ಚಿಡಲಿಲ್ಲ. ಎಲ್ಲರೆದುರು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಎಂಜಲು ಮಂಟಪಕ್ಕೆ ತಾನೇ ಆಸೆಪಟ್ಟದ್ದನ್ನೂ ಹೇಳಿದಳು.

"ಜನರೇಟರ್ ಬಾಜೂಕ ಮಾಡಿದ್ರ ಏನಾಗ್ತಿತ್ತು? ಊಟರೆ ಛಲೋ ಸಿಗ್ತಿತ್ತು," ಎಂದ ಸೋಮನಾಥ.

"ಮಾಮಾ, ನೀವು ಹೋಗಿ ತಿಂದು ಬರ್ರಿ," ಎಂದ ಅಮೋಲ್. "ಆಮ್ಹೀ ಇಥೇಚ, ಇಲ್ಲೇ ಲಗ್ನ ಕರ್ತೋ."

ಸೋಮನಾಥ ಹೊರಟೇ ಹೋದ. ಅವನ ಹಿಂದೆ ಒಂಬತ್ತು ಜನ ಹೋದರು. ಉಳಿದವರು ಅಕ್ಕಿಕಾಳು ಹಿಡಿದು ನಿಂತರು. ಅಮೋಲ್ ಮತ್ತು ಶುಭಾಂಗಿ ಹಾರ ಬದಲಾಯಿಸಿಕೊಂಡರು. ಮಗಳ ಪಕ್ಕ ನಿಂತ ಲಗಮವ್ವನ ಸೀರೆ ಒಣಗಿತ್ತು. ಶುಭಾಂಗಿ ಅವಳ ಕೈ ಬಿಡಲಿಲ್ಲ.

ಊಟಕ್ಕೆ ಸಾಲು ಕೂರುತ್ತಿದ್ದಾಗ ಓಣಿಯ ಬಾಯಲ್ಲಿ ಒಂದು ಟೆಂಪೋ ತೂರಿಕೊಂಡಿತು. ಪಕ್ಕಕ್ಕೆ ಕನ್ನಡಿ ಮಡಚಿಕೊಂಡು, ಒಂದು ಬದಿಯ ಗೋಡೆ ಕೆರೆದುಕೊಂಡು ಒಳಗೆ ಬಂದು ನಿಂತಿತು. ರಮಾನಾಥ ಇಳಿದ. ಒಳಗೆ ಊಟದ ದೊಡ್ಡ ದೊಡ್ಡ ಡಬರಿಗಳು.

"ಲಗಮವ್ವ, ಸಿಟ್ಟೆಲ್ಲ ಬಿಡು ಮಾರಾಯ್ತಿ," ಎಂದ. "ಪನೀರ್ ಉಂಟು, ಪುಲಾವ್ ಉಂಟು, ಜಿಲೇಬಿ ಉಂಟು. ಇನ್ನೂರು ಜನಕ್ಕಾಗ್ತದೆ. ನಾನೇ ಕೇಳಿ ತಂದದ್ದು. ಎರಡು ಫೋಟೋ ತೆಗೀತೇನೆ, ಆ ಹುಡುಗಿಗೆ ಕಳಿಸಿದರೆ ಸಾಕು. ನಾಳೆ ಬೆಳಿಗ್ಗೆ ಬಂದು ಬಿಡು. ಐನೂರು ಜನರ ರಿಸೆಪ್ಶನ್ ಉಂಟು."

ಮಕ್ಕಳು ಎದ್ದು ಟೆಂಪೋ ಸುತ್ತ ನಿಂತರು. ತುಪ್ಪದ ವಾಸನೆ ಓಣಿ ತುಂಬಿತು. ಅಲ್ಲಿದ್ದವರಿಗೆಲ್ಲ ಹಸಿವಾಗಿತ್ತು. ಪರಪ್ಪ ಹೋಗಿ ಒಂದು ಡಬರಿಯ ಮುಚ್ಚಳ ಎತ್ತಿ ನೋಡಿದ. ಹೆಂಡತಿಯ ಮುಖ ನೋಡಿದ. ಮುಚ್ಚಳ ಮುಚ್ಚಿದ. ಜೀವಮಾನದಲ್ಲಿ ಮೊದಲ ಸಲ, "ಉಹುಂ," ಎಂದ.

ಲಗಮವ್ವ ರಮಾನಾಥನಿಗೆ ಸಾಲಿನಲ್ಲಿ ಒಂದು ಜಾಗ ತೋರಿಸಿದಳು. "ಬರ್ರಿ. ಕುಂದ್ರಿ. ನನ್ನ ಮಗಳ ಲಗ್ನದ ಊಟಾ. ನಮ್ಮ ಅನ್ನಾ ನಮ್ಮ ಸಾರು ನಾಕು ತುತ್ತು ನೀವು ಉಣ್ರಿ. ಆಮ್ಯಾಲೆ ನಿಮ್ಮ ಡಬರಿ ನಾನs ಇಳಸತೀನಿ. ಫೋಟೋನೂ ತೆಕ್ಕೋರಿ."

ರಮಾನಾಥ ಗಡಿಯಾರ ನೋಡಿಕೊಂಡ. ಸಾಲಿನಲ್ಲಿ ಕೂತವರನ್ನು ನೋಡಿದ. "ನನಗೆ ಇವತ್ತು ಉಪವಾಸ," ಎಂದ.

"ಮಧ್ಯಾನ ಜಿಲೇಬಿ ನುಂಗಾಕತ್ತಿದ್ರಿ," ಎಂದಳು ದಾವಲಬಿ, ಸಾರಿನ ಸೌಟು ಹಿಡಿದುಕೊಂಡು.

ಯಾರೋ ಒಬ್ಬರು ನಕ್ಕರು. ಆಮೇಲೆ ಇಡೀ ಓಣಿ ನಕ್ಕಿತು. ರಮಾನಾಥನ ಕಿವಿ ಕೆಂಪಾಯಿತು. ಲಗಮವ್ವ ನಗಲಿಲ್ಲ. ಅವನನ್ನು ನೋಡಿದಳು. ಇಪ್ಪತ್ತೆರಡು ವರ್ಷ ಈ ಮನುಷ್ಯನಿಗೆ ಹೆದರಿದ್ದೆನಲ್ಲ ಅನ್ನಿಸಿತು. ಅಷ್ಟು ಹೆದರುವಂಥದ್ದು ಅವನಲ್ಲಿ ಏನೂ ಇರಲೇ ಇಲ್ಲ.

"ಹೊಳ್ಳಿ ಒಯ್ಯಿರಿ," ಎಂದಳು.

ಓಣಿಯಲ್ಲಿ ಟೆಂಪೋ ತಿರುಗುವ ಹಾಗಿರಲಿಲ್ಲ. ಡ್ರೈವರ್ ರಿವರ್ಸ್ ಹಾಕಿದ. ಕನ್ನಡಿ ಮಡಚಿದ್ದರಿಂದ ಅವನಿಗೆ ಹಿಂದಿನದು ಕಾಣುತ್ತಿರಲಿಲ್ಲ. ಪರಪ್ಪನೇ ಹಿಂದೆ ನಿಂತು, ಬೆನ್ನು ನೋವಿನ ನಡುವೆಯೂ ಕೈ ಎತ್ತಿ, "ಬರ್ಲಿ, ಬರ್ಲಿ, ಇನ್ನೂ ಹಿಂದಕ ಬರ್ಲಿ," ಎಂದು ಕೂಗುತ್ತ ದಾರಿ ತೋರಿಸಿದ. ಒಳಗೆ ಡಬರಿಗಳು ಒಂದಕ್ಕೊಂದು ಬಡಿದುಕೊಂಡವು.

ರಮಾನಾಥ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ನಾಳೆ ಐನೂರು ತಾಟು, ಯಾರು ತೊಳೆಯುವುದು ಮಾರಾಯ್ತಿ?"

"ಉಂಡವರು ತೊಳಕೊಳ್ಳಲಿ," ಎಂದಳು ಲಗಮವ್ವ.

ಸಾಲಿನಲ್ಲಿ ಅವನಿಗೆ ತೋರಿಸಿದ ಜಾಗ ಖಾಲಿ ಇತ್ತು. ಅವಳೇ ಅಲ್ಲಿ ಕೂತಳು. ಅಮೋಲನ ತಾಯಿ ಬಂದು ಅನ್ನ ಹಾಕಿದಳು, ದಾವಲಬಿ ಸಾರು ಹಾಕಿದಳು. ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಉಪ್ಪು ಕೇಳಿ ಹಾಕಿಸಿಕೊಂಡು, ಕಲಸಿ, ಒಂದಗುಳೂ ಬಿಡದೆ ಉಂಡಳು.